ಕುಟ್ಟಾಣಿ ಕೊಳ್ಳಲು ಹೊರಟಾಗ ಕೀಲಿಕೈ ಜೊತೆಗಿರಲಿ

ಕಾರವಾರಕ್ಕೆ ಬಂದ ಹೊಸತರಲ್ಲಿ ನಾನೊಂದು ಕುಟ್ಟಾಣಿ ಕೊಂಡಿದ್ದೆ. ರಸ್ತೆ ಪಕ್ಕದ ಅಂಗಡಿ. ಕಪ್ಪಗೆ, ನುಣ್ಣಗೆ ಮಿರಿ ಮಿರಿ ಮಿಂಚುತ್ತಿತ್ತು. ಕೈಗೂ ಹಗುರ. ಚೌಕಾಸಿ ಮಾಡಿ ಗೆದ್ದೆ ಅಂದುಕೊಂಡು ತಂದೆ. ಮಾರನೇ ದಿನ ಅದರಲ್ಲೇ ಸೂಜಿಮೆಣಸಿನ ಚಟ್ನಿ ಮಾಡಿ ಪಕ್ಕದ ಮನೆಯ ಅಕ್ಕನಿಗೂ ಒಂದು ಚೂರು ಕೊಟ್ಟೆ. ಅವರು ಬಾಯಿಗೆ ಹಾಕಿ, ಒಂದು ಕ್ಷಣ ಸುಮ್ಮನಿದ್ದು, "ಅಲ್ಲಾ ಮಾರಾಯ್ತಿ, ಕಡಲ ಬದಿಗೆ ಇದ್ದೀವಿ ಅಂತ ಚಟ್ನಿಗೂ ಮರಳು ಹಾಕ್ತಾರಾ?" ಅಂದರು.

ಕಲ್ಲು ಮೆತ್ತಗಿತ್ತು. ಮೇಲಿನ ಕಪ್ಪು ಬಣ್ಣ ಎಣ್ಣೆಯದ್ದೋ ಮಸಿಯದ್ದೋ, ಎರಡು ಸಲ ತೊಳೆದ ಮೇಲೆ ಒಳಗಿನ ಬೂದಿ ಬಣ್ಣ ಕಂಡಿತು. ಈಗ ಅದರಲ್ಲಿ ತುಳಸಿ ಗಿಡ ಇದೆ, ಚೆನ್ನಾಗಿ ಬಂದಿದೆ. ಆಮೇಲೆ ನೋಡಿ, ತಟ್ಟಿ, ಕೆರೆದು ಎರಡನೆಯದು ತಂದೆ. ಹನ್ನೆರಡು ವರ್ಷವಾಯಿತು, ಇವತ್ತಿಗೂ ದಿನಾ ಕೈಗೆ ಬರುತ್ತದೆ. ನೀವು ಮೊದಲನೇ ಸಲವೇ ಸರಿಯಾದದ್ದನ್ನು ತರಬೇಕು ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು: ಯಾವುದಕ್ಕೆ ಬೇಕು?

ನಮ್ಮ ಕಡೆ ಕುಟ್ಟುವ ಅರೆಯುವ ಸಾಮಾನು ಒಂದೆರಡಲ್ಲ. ಭತ್ತ, ಅವಲಕ್ಕಿ ಕುಟ್ಟಲು ಒರಳು-ಒನಕೆ. ದೋಸೆ ಹಿಟ್ಟು, ಕಾಯಿ ಮಸಾಲೆಗೆ ಗುಂಡು ತಿರುಗಿಸುವ ರುಬ್ಬುವ ಕಲ್ಲು. ಹಿಟ್ಟಿಗೆ ಬೀಸುವ ಕಲ್ಲು. ಇವೆಲ್ಲ ಇದ್ದ ಶಿರಸಿ ಕಡೆಯ ಮನೆಯಲ್ಲೇ ನಾನು ಬೆಳೆದದ್ದು. ರುಬ್ಬುವ ಕಲ್ಲನ್ನು ದೇವಿಮನೆ ಘಟ್ಟ ಇಳಿಸಿ ತರೋಣ ಅಂತ ಒಮ್ಮೆ ಆಸೆಯೂ ಆಗಿತ್ತು. ಎತ್ತಲು ಇಬ್ಬರು ಗಂಡಾಳು ಬೇಕು, ಇಡಲು ನೆಲ ಬೇಕು. ಮೂರನೇ ಮಹಡಿಯ ಮನೆಗೆ ಅದು ಆಗುವ ಮಾತಲ್ಲ. ಬಿಟ್ಟೆ.

ಇನ್ನೊಂದು ಇದೆ, ಕವಳದ ಕುಟ್ಟಾಣಿ. ಹಲ್ಲು ಹೋದ ಅಜ್ಜಂದಿರು ಎಲೆ, ಅಡಿಕೆ, ಸುಣ್ಣ ಹಾಕಿ ಟಕ್ ಟಕ್ ಅಂತ ಜಗಲಿಯಲ್ಲಿ ಕುಟ್ಟುತ್ತಿದ್ದ ಪುಟ್ಟ ಲೋಹದ್ದು. ಅಟ್ಟದ ಮೇಲೆ ಅಂಥದ್ದು ಸಿಕ್ಕಿದರೆ ನೆನಪಿಗೆ ಇಟ್ಟುಕೊಳ್ಳಿ, ಏಲಕ್ಕಿ ಕುಟ್ಟಲು ಮಾತ್ರ ಹೋಗಬೇಡಿ. ತಂಬಾಕಿನ ವಾಸನೆ ಪಾಯಸಕ್ಕೆ ಬಂದರೆ ನೆಂಟರಿಗೆ ಏನು ಹೇಳುತ್ತೀರಿ?

ಈಗಿನ ಅಡುಗೆಮನೆಗೆ ಬೇಕಾದದ್ದು ಬೊಗಸೆಯಷ್ಟು ಸಾಮಾನು ಹಿಡಿಯುವ ಕಲ್ಲಿನ ಕುಟ್ಟಾಣಿ. ಅದು ಮಿಕ್ಸರಿಗೆ ಬದಲಿ ಅಲ್ಲ. ಒಂದು ಇಡೀ ಕಾಯಿಯನ್ನು ಅದರಲ್ಲಿ ನುಣ್ಣಗೆ ಅರೆಯುತ್ತೇನೆ ಅಂತ ಕೂತರೆ ಎರಡೇ ದಿನಕ್ಕೆ ಭುಜ ನೋವು ಬಂದು ಕುಟ್ಟಾಣಿ ಮೂಲೆ ಸೇರುತ್ತದೆ. ಮಿಕ್ಸರ್ ಸೋಲುವ ಜಾಗ ಬೇರೆ. ಹತ್ತು ಕಾಳುಮೆಣಸು, ನಾಲ್ಕು ಏಲಕ್ಕಿ, ಆರು ಎಸಳು ಬೆಳ್ಳುಳ್ಳಿ. ಇಷ್ಟನ್ನು ಜಾರಿಗೆ ಹಾಕಿದರೆ ಬ್ಲೇಡಿಗೆ ಸಿಗದೆ ಗೋಡೆಗೆ ಹಾರಿ ಅಂಟಿಕೊಳ್ಳುತ್ತವೆ. ಕುಟ್ಟಾಣಿಯಲ್ಲಿ ಅರ್ಧ ನಿಮಿಷದ ಕೆಲಸ.

ರುಚಿಯೂ ಬೇರೆ. ಬ್ಲೇಡು ಕತ್ತರಿಸುತ್ತದೆ, ಗುಂಡು ಜಜ್ಜುತ್ತದೆ. ಜಜ್ಜಿದಾಗ ಎಲೆಯ ರಸ, ಕಾಳಿನ ಎಣ್ಣೆ ಹೊರಗೆ ಬಂದು ಒಂದರೊಳಗೊಂದು ಸೇರುತ್ತವೆ. ಬೆಳ್ಳುಳ್ಳಿಯ ಘಾಟು ಇಡೀ ಎಸಳಿನಲ್ಲಿ ಇರುವುದೇ ಇಲ್ಲ. ಜಜ್ಜಿದ ಮೇಲೆ ಒಳಗಿನ ಎರಡು ಅಂಶ ಕೂಡಿ ಅದು ಹುಟ್ಟುತ್ತದೆ. ಜಾಸ್ತಿ ಜಜ್ಜಿದರೆ ಜಾಸ್ತಿ ಘಾಟು.

ಯಾವ ಕಲ್ಲು?

ಒಂದೇ ಮಾತಿನ ಉತ್ತರ ಬೇಕಾದರೆ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ನಾವು ಕರಿಕಲ್ಲು ಅಂತ ಕರೆಯುವುದು. ಉಳಿದವುಗಳ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಚಂದ ಕಾಣುವುದು ಅವೇ.

ಬಿಳಿ ಮಾರ್ಬಲ್ಲಿಗೆ ಹುಳಿ ಆಗುವುದಿಲ್ಲ. ಅದು ಸುಣ್ಣದ ಜಾತಿಯ ಕಲ್ಲು. ಲಿಂಬೆ, ಹುಣಸೆ, ಮುರುಗಲು ಬಿದ್ದ ಕಡೆ ಕರಗಿ ಗುಳಿ ಬೀಳುತ್ತದೆ. ಹುಳಿ ಇಲ್ಲದೆ ನಮ್ಮ ಅಡುಗೆ ಎಲ್ಲಿದೆ? ಬಳಪದ ಕಲ್ಲು ಉಗುರಿನಲ್ಲಿ ಗೀರಿದರೂ ಗೀರು ಬೀಳುವಷ್ಟು ಮೆತ್ತಗೆ. ಸಾರು ಕುದಿಸುವ ಮಾಕಲ್ಲಿನ ಪಾತ್ರೆಗೆ ಅದು ಒಳ್ಳೆಯದೇ, ಕುಟ್ಟಲು ಅಲ್ಲ. ಹಿತ್ತಾಳೆಯದ್ದು ಏಲಕ್ಕಿ, ಲವಂಗದಂಥ ಒಣ ಸಾಮಾನಿಗೆ ಸರಿ, ಹುಳಿ-ಉಪ್ಪು ಹಾಕಬಾರದು. ಬೀಡಿನದ್ದು ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ದಿನಾ ಒರೆಸುವ ತಾಳ್ಮೆ ಇದ್ದವರು ತನ್ನಿ. ಮರದ್ದು ಹಗುರ, ಬೆಳ್ಳುಳ್ಳಿ ವಾಸನೆ ಬಿಡುವುದಿಲ್ಲ. ಸ್ಟೀಲಿನದ್ದರಲ್ಲಿ ಮೆಣಸಿನ ಕಾಳು ಜಾರಿ ಜಾರಿ ಹೋಗುತ್ತದೆ. ಚಹಾಕ್ಕೆ ಶುಂಠಿ ಜಜ್ಜಲು ಸಾಕು ಅಷ್ಟೇ.

ಅಂಗಡಿಯಲ್ಲಿ ನಿಂತು ನೋಡುವುದು ಹೇಗೆ

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲೋ, ಪೇಟೆಯ ಪಾತ್ರೆ ಅಂಗಡಿಯಲ್ಲೋ, ಕಲ್ಲು ಹೊಡೆಯುವವರ ಹತ್ತಿರವೋ, ಎಲ್ಲಿ ಕೊಂಡರೂ ಪರೀಕ್ಷೆ ಒಂದೇ. ಇದಕ್ಕೇ ಕೀಲಿಕೈ ಬೇಕೆಂದದ್ದು.

ಕುಟ್ಟಾಣಿಯನ್ನು ಮಗುಚಿ. ತಳದಲ್ಲಿ, ಕಾಣದ ಜಾಗದಲ್ಲಿ, ಕೀಲಿಕೈಯಿಂದ ಒತ್ತಿ ಒಂದು ಗೆರೆ ಎಳೆಯಿರಿ. ಮಾರುವವರಿಗೆ ಮೊದಲೇ ಕೇಳಿ, ಒಳ್ಳೆ ಕಲ್ಲಿದ್ದವರು ಬೇಡ ಅನ್ನುವುದಿಲ್ಲ. ಗಟ್ಟಿ ಕಲ್ಲಾದರೆ ಕೀಲಿಕೈಯೇ ಸವೆದು ಬೂದಿ ಬಣ್ಣದ ಹೊಳೆಯುವ ಗೆರೆ ಮೂಡುತ್ತದೆ. ಬೆರಳಿನಿಂದ ತಡವಿದರೆ ಗುಳಿ ಇರುವುದಿಲ್ಲ. ಮೆತ್ತಗಿನ ಕಲ್ಲಾದರೆ ಬಿಳಿ ಪುಡಿ ಏಳುತ್ತದೆ, ಗೀರು ಕೈಗೆ ಸಿಗುತ್ತದೆ. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಒದ್ದೆ ಕರವಸ್ತ್ರದಿಂದ ಒಳಗೆ ಜೋರಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಬಣ್ಣ ಬಳಿದಿದ್ದಾರೆ ಅಂತ ಅರ್ಥ. ಗುಂಡಿನಿಂದ ಅಂಚಿಗೆ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ. ಒಡಕು ಮಡಕೆಯ ಹಾಗೆ ಡಬ್ ಅಂದರೆ ಎಲ್ಲೋ ಬಿರುಕಿದೆ.

ಕೊನೆಗೆ ಒಳಗೆ ಕೈ ಹಾಕಿ ನೋಡಿ. ಹೊರಗೆ ಎಷ್ಟು ಬೇಕಾದರೂ ಹೊಳೆಯಲಿ, ಒಳಗೆ ಮಾತ್ರ ಬೆಕ್ಕಿನ ನಾಲಿಗೆಯಷ್ಟು ತರಿ ಇರಬೇಕು. ಕನ್ನಡಿಯಂತೆ ನುಣುಪಾದರೆ ಕಾಳು ಜಾರುತ್ತದೆ. ಕೈಗೆ ಗುಳಿ ಗುಳಿ ಸಿಗುವಷ್ಟು ಒರಟಾದರೆ ಶುಂಠಿ ನಾರು ಅದರಲ್ಲೇ ಕೂರುತ್ತದೆ.

ಅಳತೆ: ಒಳಗಿನ ಬಾಯಿ 5ರಿಂದ 6 ಇಂಚು, ಆಳ ಮೂರೂವರೆ ಇಂಚಿಗೆ ಕಡಿಮೆ ಬೇಡ. ತೂಕ 4-5 ಕೆಜಿ ಇರಲಿ. ಎರಡು ಕೆಜಿಯದ್ದು ಪ್ರತಿ ಏಟಿಗೂ ಕಟ್ಟೆಯ ಮೇಲೆ ಕುಣಿಯುತ್ತದೆ, ಎಡಗೈಯಲ್ಲಿ ಹಿಡಿದುಕೊಳ್ಳುವುದೇ ಒಂದು ಕೆಲಸ. ಗುಂಡು ಮುಕ್ಕಾಲು ಕೆಜಿ ಆಸುಪಾಸು. ಒಳಗೆ ನಿಲ್ಲಿಸಿದಾಗ ಅಂಚಿಗಿಂತ ನಾಲ್ಕು ಬೆರಳು ಮೇಲೆ ಬರಬೇಕು, ಇಲ್ಲದಿದ್ದರೆ ಅರೆಯುವಾಗ ಬೆರಳಿನ ಗೆಣ್ಣು ಅಂಚಿಗೆ ತಾಗುತ್ತದೆ. ಗುಂಡಿನ ತಲೆ ಅಗಲವಾಗಿದ್ದು, ಅದರ ಉಬ್ಬು ಕುಟ್ಟಾಣಿಯ ತಗ್ಗಿಗೆ ಕೂರಬೇಕು. ಚೂಪು ತಲೆಯ ಗುಂಡಿನಲ್ಲಿ ಒಂದು ಕಾಳು ಪುಡಿಯಾಗುವಾಗ ಹತ್ತು ಕಾಳು ಪಕ್ಕಕ್ಕೆ ಓಡಿರುತ್ತವೆ.

ಪಳಗಿಸುವುದು

ತಂದ ದಿನವೇ ಚಟ್ನಿ ಮಾಡಬೇಡಿ. ನನಗೆ ಆದದ್ದು ಗೊತ್ತಲ್ಲ. ಒಳ್ಳೆಯ ಕಲ್ಲಿನಲ್ಲೂ ಉಳಿ ಹೊಡೆದ ಪುಡಿ ಉಳಿದಿರುತ್ತದೆ.

ಮೊದಲು ತೆಂಗಿನ ನಾರು ಮತ್ತು ನೀರಿನಿಂದ ಚೆನ್ನಾಗಿ ಉಜ್ಜಿ, ಒಂದು ದಿನ ಒಣಗಿಸಿ. ಸೋಪು ಬೇಡ. ಎರಡು ದೊಡ್ಡ ಚಮಚ ಅಕ್ಕಿ ಹಾಕಿ, ಕುಟ್ಟದೆ, ಗುಂಡನ್ನು ಗೋಡೆಗೆ ಒತ್ತಿ ಸುತ್ತ ತಿರುಗಿಸಿ. ಹತ್ತು ನಿಮಿಷಕ್ಕೆ ಅಕ್ಕಿ ಹಿಟ್ಟಾಗುತ್ತದೆ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಗಿಡದ ಬುಡಕ್ಕೆ ಹಾಕಿ, ಮತ್ತೆ ಹೊಸ ಅಕ್ಕಿ. ಹಿಟ್ಟು ಅಕ್ಕಿಯಷ್ಟೇ ಬಿಳಿಯಾಗಿ ಬರುವವರೆಗೆ. ನನ್ನದಕ್ಕೆ ನಾಲ್ಕು ಸಲ ಬೇಕಾಯಿತು. ಅಂಚಿನವರೆಗೂ ತಿರುಗಿಸಿ, ತಳಕ್ಕೆ ಮಾತ್ರ ಅಲ್ಲ. ರೇಷನ್ ಅಕ್ಕಿ ಸಾಕು.

ಆಮೇಲೆ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಒಂದು ಚಮಚ ಕಲ್ಲುಪ್ಪು ಹಾಕಿ ಅರೆದು ಎಲ್ಲ ಕಡೆ ಸವರಿ. ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಈ ಅರೆದದ್ದನ್ನೂ ತಿನ್ನಬೇಡಿ. ನಾಲಿಗೆಗೆ ಮರಳಿನ ಅನುಮಾನ ಇನ್ನೂ ಇದ್ದರೆ ಕುಟ್ಟಾಣಿಯಲ್ಲಿ ನೀರು ತುಂಬಿ, ಗುಂಡಿನಿಂದ ಕಲಕಿ, ಬಿಳಿ ತಟ್ಟೆಗೆ ಬಗ್ಗಿಸಿ. ಕಪ್ಪು ಕಣ ಕಂಡರೆ ಇನ್ನೊಂದು ಸುತ್ತು ಅಕ್ಕಿ.

ಎಣ್ಣೆ ಹಚ್ಚಿಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ದೋಸೆ ಕಾವಲಿಗೆ ಅದು ಸರಿ, ಬಿಸಿಗೆ ಎಣ್ಣೆ ಗಟ್ಟಿಯಾಗಿ ಕೂರುತ್ತದೆ. ತಣ್ಣಗಿನ ಕಲ್ಲಿನಲ್ಲಿ ಎಣ್ಣೆ ಹಾಗೇ ಉಳಿದು ಕಮಟು ಹಿಡಿಯುತ್ತದೆ.

ಎಲ್ಲಿ ಇಡುವುದು

ಎಲ್ಲಕ್ಕಿಂತ ಒಳ್ಳೆಯದು ನೆಲ. ಕೆಳಗೆ ಮಡಚಿದ ಗೋಣಿಚೀಲ. ಮಣೆ ಹಾಕಿ ಕೂತರೆ ಮೈಭಾರವೂ ಗುಂಡಿನ ಮೇಲೆ ಬೀಳುತ್ತದೆ. ಕಟ್ಟೆಯ ಮೇಲೆ ಇಡುವುದಾದರೆ ಕೆಳಗೆ ಗೋಡೆ ಇರುವ ಮೂಲೆ ಹುಡುಕಿ. ಎರಡು ಆಧಾರದ ನಡುವೆ ತೂಗಿ ನಿಂತ ಕಲ್ಲಿನ ಹಾಸಿನ ಮೇಲೆ ಕುಟ್ಟಿದರೆ ಹಾಸೇ ಬಿರುಕು ಬಿಡಬಹುದು. ಅಡಿಗೆ ನಾಲ್ಕು ಮಡಿಕೆಯ ಒದ್ದೆ ಬಟ್ಟೆ ಹಾಕಿದರೆ ಜಾರುವುದೂ ಇಲ್ಲ, ಕೆಳಗಿನ ಮನೆಯವರು ಮಧ್ಯಾಹ್ನ ಎದ್ದು ಬರುವುದೂ ಇಲ್ಲ.

ಕೈ ಹೇಗೆ ಆಡಬೇಕು

ಹೊಸಬರು ಮಾಡುವ ಮೊದಲ ತಪ್ಪು, ತುಂಬಾ ಹಾಕುವುದು. ಮೂರನೇ ಒಂದು ಭಾಗ ತುಂಬಿದರೆ ಅದೇ ಹೆಚ್ಚು. ಎರಡನೆಯದು, ಗುಂಡನ್ನು ಭುಜದವರೆಗೆ ಎತ್ತಿ ಹೊಡೆಯುವುದು. ನಾಲ್ಕು ಇಂಚು ಎತ್ತಿ ಬಿಡಿ, ಭಾರ ಅದರದ್ದು, ದಾರಿ ಮಾತ್ರ ನಿಮ್ಮದು. ಮಣಿಕಟ್ಟು ಸಡಿಲ ಇರಲಿ.

ಕುಟ್ಟುವುದು ಬೇರೆ, ಅರೆಯುವುದು ಬೇರೆ. ಕಾಳು ಒಡೆಯುವವರೆಗೆ ಕುಟ್ಟಿ. ಒಡೆದ ಮೇಲೆ ಗುಂಡನ್ನು ಓರೆ ಹಿಡಿದು ಗೋಡೆಗೆ ಒತ್ತುತ್ತಾ ಸುತ್ತಿಸಿ. ಹತ್ತು ಸುತ್ತಿಗೊಮ್ಮೆ ಚಮಚದಿಂದ ಗೋಡೆಗೆ ಅಂಟಿದ್ದನ್ನು ಕೆಳಗೆ ತಳ್ಳಿ. ಕಾಳುಮೆಣಸು ಹಾರದಂತೆ ಎಡಗೈಯನ್ನು ಬಾಯಿಗೆ ಅಡ್ಡ ಕೊಡಬೇಕು. ನಾನು ಬಾಳೆಎಲೆಯ ತುಂಡಿಗೆ ನಡುವೆ ತೂತು ಮಾಡಿ ಗುಂಡಿಗೆ ಪೋಣಿಸಿಬಿಡುತ್ತೇನೆ, ಕೊಡೆಯ ಹಾಗೆ. ಕಣ್ಣಿಗೂ ಒಳ್ಳೆಯದು.

ಹಾಕುವ ಕ್ರಮವನ್ನು ಮಾತ್ರ ಯಾವತ್ತೂ ತಪ್ಪಿಸಬೇಡಿ. ಒಣ, ಗಟ್ಟಿ ಕಾಳು ಮೊದಲು. ಆಮೇಲೆ ಕಲ್ಲುಪ್ಪು ಮತ್ತು ಮೆಣಸು. ನಂತರ ಶುಂಠಿ, ಬೆಳ್ಳುಳ್ಳಿಯಂಥ ನಾರು-ರಸದವು. ಕಾಯಿತುರಿ ಆಮೇಲೆ. ಸೊಪ್ಪು, ಹುಳಿ, ನೀರು ಕೊನೆಗೆ. ಕಾಯಿ ಮೊದಲೇ ಬಿದ್ದರೆ ಅದರ ಎಣ್ಣೆಗೆ ಉಳಿದದ್ದೆಲ್ಲ ಜಾರುತ್ತದೆ, ಆಮೇಲೆ ಎಷ್ಟು ಕುಟ್ಟಿದರೂ ಜೀರಿಗೆ ಹಾಗೇ ಹಲ್ಲಿಗೆ ಸಿಗುತ್ತದೆ. ಪುಡಿ ಉಪ್ಪಿಗಿಂತ ಕಲ್ಲುಪ್ಪು ಒಳ್ಳೆಯದು. ಅದರ ಹರಳೇ ಮೆಣಸಿನ ಸಿಪ್ಪೆಯನ್ನು ಹರಿಯುತ್ತದೆ.

ಸೂಜಿಮೆಣಸಿನ ಚಟ್ನಿ, ನಿಧಾನಕ್ಕೆ

ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಎಂಟು ಹಸಿ ಸೂಜಿಮೆಣಸು (ಖಾರ ಅಭ್ಯಾಸ ಇಲ್ಲದಿದ್ದರೆ ಮೂರು), ಅರ್ಧ ಚಮಚ ಕಲ್ಲುಪ್ಪು, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಲೋಟ ಕಾಯಿತುರಿ, ಸಣ್ಣ ಅಡಿಕೆಯ ಗಾತ್ರದ ಹುಣಸೆಹಣ್ಣು. ಹುಣಸೆಯನ್ನು ಒಂದು ಚಮಚ ನೀರಿನಲ್ಲಿ ನೆನೆಸಿಡಿ.

ಮೆಣಸು ಮತ್ತು ಉಪ್ಪು ಹಾಕಿ ಮೊದಲು ಮೆಲ್ಲಗೆ ಒತ್ತಿ, ಕುಟ್ಟಬೇಡಿ. ಒಂದೇ ಏಟಿಗೆ ಹೊಡೆದರೆ ರಸ ಸೀದಾ ಕಣ್ಣಿಗೆ. ಸಿಪ್ಪೆ ಒಡೆದು ಉಪ್ಪು ಒದ್ದೆಯಾದ ಮೇಲೆ ಅರೆಯಿರಿ. ಎರಡು ನಿಮಿಷಕ್ಕೆ ಹಸಿರು-ಕೆಂಪು ಲೇಪ, ಬೀಜ ಮಾತ್ರ ಚುಕ್ಕಿ ಚುಕ್ಕಿ. ಮೂಗಿಗೆ ಘಾಟು ಹೊಡೆಯುವ ಹೊತ್ತು ಇದು. ಬೆಳ್ಳುಳ್ಳಿ ಹಾಕಿ, ಒಂದೇ ಏಟಿಗೆ ಸಿಪ್ಪೆ ಬಿಡುತ್ತದೆ, ಆರಿಸಿ ತೆಗೆಯಿರಿ. ಅದೂ ಕರಗಿದ ಮೇಲೆ ಕಾಯಿತುರಿ, ಎರಡು ಸಲಕ್ಕೆ. ಇಲ್ಲಿ ಕುಟ್ಟಿ, ಅರೆಯಬೇಡಿ, ತುರಿ ತರಿತರಿಯಾಗಿಯೇ ಇರಬೇಕು. ಗುಂಡಿನ ತಲೆಗೆ ಕಾಯಿಯ ಎಣ್ಣೆ ಹತ್ತಿ ಮಿರುಗಲು ಶುರುವಾದರೆ ಸಾಕು, ನಿಲ್ಲಿಸಿ. ಹುಣಸೆ ಸೇರಿಸಿ ನಾಲ್ಕು ಸುತ್ತು. ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ಬಿಸಿ ಕುಚ್ಚಲಕ್ಕಿ ಗಂಜಿ ಪಕ್ಕದಲ್ಲಿ ಇರಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ?

ಆ ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ. ಸೋಪಿಗೆ ಮೊದಲು ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಉರಿ ಬೇಗ ಬಿಡುತ್ತದೆ. ಖಾರ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿನಲ್ಲಿ ಅಲ್ಲ.

ಇನ್ನು ಕೆಲವು ಸಾಮಾನು

ಏಲಕ್ಕಿಯನ್ನು ಸಿಪ್ಪೆ ಬಿಡಿಸಿ ಒಂದು ಚಮಚ ಸಕ್ಕರೆ ಜೊತೆ ಕುಟ್ಟಿ. ಬರೀ ಕಾಳು ಅಂಟಿಕೊಳ್ಳುತ್ತದೆ. ಸಿಪ್ಪೆ ಚಹಾಪುಡಿ ಡಬ್ಬಕ್ಕೆ.

ಕಷಾಯಕ್ಕೆ ಕಾಳುಮೆಣಸು, ಜೀರಿಗೆ, ಕೊತ್ತಂಬರಿ. ಮೂರನ್ನೂ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಕುಟ್ಟಿ. ಬಿಸಿ ಇರುವಾಗ ಕುಟ್ಟಿದರೆ ಪರಿಮಳವೆಲ್ಲ ಅಡುಗೆಮನೆಗೆ, ಲೋಟಕ್ಕೆ ಬರೀ ಖಾರ.

ಶುಂಠಿಯನ್ನು ನಾರಿಗೆ ಅಡ್ಡಲಾಗಿ ಬಿಲ್ಲೆ ಮಾಡಿ ಹಾಕಿ. ಉದ್ದಕ್ಕೆ ಹಾಕಿದರೆ ತೆಂಗಿನ ಜುಂಗಿನ ಹಾಗೆ ನಾರು ಉಳಿಯುತ್ತದೆ.

ಸಾಸಿವೆಗೆ ಸ್ವಲ್ಪ ಉಪಾಯ ಬೇಕು. ಮಾವಿನಹಣ್ಣಿನ ಸಾಸ್ಮೆಗೋ ಅನಾನಸಿನದಕ್ಕೋ ಅರ್ಧ ಚಮಚ ಸಾಸಿವೆಯನ್ನು ಒಣಗಿದ್ದಾಗಲೇ ಕುಟ್ಟಿ, ಎರಡು ಚಮಚ ತಣ್ಣೀರು ಹಾಕಿ ಐದು ನಿಮಿಷ ಬಿಡಿ. ಒಣ ಪುಡಿಗೆ ಘಾಟೇ ಇರುವುದಿಲ್ಲ, ನೀರು ಬಿದ್ದ ಮೇಲೆ ಏಳುತ್ತದೆ. ಬಿಸಿನೀರು ಹಾಕಿದರೆ ಏಳುವುದೇ ಇಲ್ಲ. ಮೊಸರು, ಹುಳಿ ಏನಿದ್ದರೂ ಘಾಟು ಬಂದ ಮೇಲೆ.

ಜುಮ್ಮನಕಾಯಿ, ಅಂದರೆ ನಾಲಿಗೆ ಜುಮ್ಮೆನ್ನಿಸುವ ಪುಟ್ಟ ಮಸಾಲೆ ಕಾಯಿ, ಕರಾವಳಿಯ ಮೀನು ಸಾರಿಗೆ ಬೇಕೇ ಬೇಕು. ಇದನ್ನು ಪುಡಿ ಮಾಡಬಾರದು. ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಗೆ ಗುಂಡಿನಿಂದ ಒಂದೇ ಒಂದು ಒತ್ತು. ಬಾಯಿ ಬಿಟ್ಟಂತೆ ಬಿರಿದರೆ ಸಾಕು, ಹಾಗೇ ಸಾರಿಗೆ. ನುಣ್ಣಗೆ ಅರೆದು ಹಾಕಿದರೆ ಕಹಿ. ಇದು ನನಗೆ ಹೇಳಿಕೊಟ್ಟದ್ದು ಅದೇ ಪಕ್ಕದ ಮನೆಯ ಅಕ್ಕ. ನಮ್ಮ ಮನೆಯಲ್ಲಿ ಮೀನಿಲ್ಲ, ಆದರೆ ಅವರ ಮನೆಯ ಒಣಸೀಗಡಿ ಚಟ್ನಿಯ ಕುಟ್ಟುವ ಸದ್ದು ಕೇಳಿದರೆ ಊಟದ ಹೊತ್ತಾಯಿತು ಅಂತ ಗೊತ್ತಾಗುತ್ತದೆ. ಸೀಗಡಿಯನ್ನು ಗರಿಗರಿ ಹುರಿದು, ತಲೆ-ಬಾಲ ತೆಗೆದು, ಮೆಣಸು ಉಪ್ಪು ಅರೆದ ಮೇಲೆ ಹಾಕುತ್ತಾರೆ. ಅವರ ಕುಟ್ಟಾಣಿ ಅವರಿಗೆ, ನನ್ನದು ನನಗೆ. ಸಾಲ ಕೊಡು-ತಗೊಳ್ಳುವುದು ಇಲ್ಲ, ಕಲ್ಲಿಗೆ ವಾಸನೆ ಕೂರುತ್ತದೆ ಅಂತ ಇಬ್ಬರಿಗೂ ಗೊತ್ತು. ನಿಮ್ಮ ಮನೆಯಲ್ಲೇ ಎರಡೂ ಅಡುಗೆ ಇದ್ದರೆ, ಪಾಯಸದ ಏಲಕ್ಕಿಗೆ ಒಂದು ಚಿಕ್ಕ ಹಿತ್ತಾಳೆಯದ್ದು ಬೇರೆ ಇಟ್ಟುಕೊಳ್ಳಿ.

ತೊಳೆಯುವುದು, ಮತ್ತು ಮಳೆಗಾಲ

ಕೆಲಸ ಮುಗಿದ ಕೂಡಲೇ ತೊಳೆಯಿರಿ. ಒಣಗಿದ ಕಾಯಿಯನ್ನು ತರಿ ಕಲ್ಲಿನಿಂದ ಬಿಡಿಸುವುದು ದೊಡ್ಡ ರಗಳೆ. ಬಿಸಿನೀರು, ತೆಂಗಿನ ನಾರು, ಅಷ್ಟೇ. ಜಿಡ್ಡಾಗಿದ್ದರೆ ಒಂದು ಮುಷ್ಟಿ ಕಡಲೆಹಿಟ್ಟೋ ಅಕ್ಕಿಹಿಟ್ಟೋ ಹಾಕಿ ಉಜ್ಜಿ. ಬೆಳ್ಳುಳ್ಳಿ ವಾಸನೆಗೆ ಕಲ್ಲುಪ್ಪು ಮತ್ತು ಹಿಂಡಿದ ಲಿಂಬೆ ಸಿಪ್ಪೆ. ಹುಳಿ ಕರಿಕಲ್ಲಿಗೆ ಏನೂ ಮಾಡುವುದಿಲ್ಲ.

ನಮ್ಮಲ್ಲಿ ನಿಜವಾದ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಒಣಗಿದೆ ಅಂತ ಕಂಡರೂ ಒಳಗೆ ಪಸೆ ಇರುತ್ತದೆ. ಮಗುಚಿ ಇಟ್ಟರೆ ಎರಡೇ ದಿನಕ್ಕೆ ಬಿಳಿ ಬೂಷ್ಟು. ಮಗುಚಿಡಿ, ಆದರೆ ಒಂದು ಬದಿಗೆ ಕಡ್ಡಿ ಕೊಟ್ಟು ಗಾಳಿ ಆಡಲು ಬಿಡಿ. ಒಲೆಯ ಹತ್ತಿರದ ಬೆಚ್ಚನೆ ಜಾಗ ಇನ್ನೂ ಒಳ್ಳೆಯದು. ಬೇಗ ಒಣಗಲಿ ಅಂತ ಉರಿಯ ಮೇಲೆ ಮಾತ್ರ ಇಡಬೇಡಿ, ಒದ್ದೆ ಕಲ್ಲು ಸೀಳುತ್ತದೆ. ಬೂಷ್ಟು ಬಂದೇ ಬಿಟ್ಟರೆ ಕುದಿನೀರಲ್ಲಿ ತೊಳೆದು, ಉಪ್ಪು ಹಾಕಿ ಉಜ್ಜಿ, ಬಿಸಿಲು ಕಂಡ ದಿನ ಇಡೀ ದಿನ ಹೊರಗಿಡಿ.

ವರ್ಷಗಳು ಕಳೆದ ಹಾಗೆ ತಳ ನುಣುಪಾಗುತ್ತದೆ. ಮೆಣಸು ಜಾರಲು ಶುರುವಾದರೆ ಗೊತ್ತಾಗುತ್ತದೆ. ಆಗ ಕಲ್ಲು ಹೊಡೆಯುವವರ ಹತ್ತಿರ ಕೊಟ್ಟು ಸಣ್ಣ ಉಳಿಯಿಂದ ತರಿ ಹೊಡೆಸಿ, ಮತ್ತೆ ಅಕ್ಕಿಯಿಂದ ಪಳಗಿಸಿ. ಊರಿನ ಹಿತ್ತಲಲ್ಲಿ ಹಳೇ ಒರಳೋ ಕುಟ್ಟಾಣಿಯೋ ಬಿದ್ದಿದ್ದರೆ ಹೊಸದನ್ನು ಕೊಳ್ಳುವ ಮುಂಚೆ ಅದನ್ನೊಮ್ಮೆ ನೋಡಿ ಬನ್ನಿ. ಎತ್ತುವಾಗ ಕೋಲಿನಿಂದ ಮೊದಲು ಅಲ್ಲಾಡಿಸಿ, ಅಡಿಯಲ್ಲಿ ಚೇಳು ಮನೆ ಮಾಡಿರುತ್ತದೆ. ನೀರು ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಅಷ್ಟೇ ಇದ್ದು ಹೊರಗೆ ಪಸೆ ಕಾಣದಿದ್ದರೆ ಕಾರಿನ ಡಿಕ್ಕಿಗೆ ಹಾಕಿಕೊಳ್ಳಿ, ಗುಂಡನ್ನು ಬೇರೆಯಾಗಿ ಗೋಣಿಯಲ್ಲಿ ಸುತ್ತಿ. ಘಟ್ಟದ ತಿರುವಿನಲ್ಲಿ ಒಂದಕ್ಕೊಂದು ಹೊಡೆದುಕೊಂಡರೆ ಅಂಚು ಹಾರುತ್ತದೆ.